ಕಲಮದಾನಿಯ ವಜೀರ ಮಹಮೂದ ಗವಾನ

ಗೋರ್ಟಾ (ಬಿ) ಗ್ರಾಮದ ನಮ್ಮ ಮನೆಯಲ್ಲಿ ದೇವರ ಜಗುಲಿಯ ಪಕ್ಕದ ಮಾಡಿನೊಳಗೆ ಒಂದು ಮೊಳಕ್ಕಿಂತ ತುಸು ಕಡಮೆ ಉದ್ದದ ಮರದ ಪೆಟ್ಟಿಗೆಯೊಂದಿದೆ. ಮುತ್ತ್ಯಾ ಅದನ್ನು ಕಲಮದಾನಿ ಎನ್ನುತ್ತಾರೆ. ಅದರ ಮುಚ್ಚಳವನ್ನು ಎತ್ತುವಂತಿಲ್ಲ, ಒಂದು ಬದಿಗೆ ಸರಿಸಬೇಕು. ಒಳಗೆ ಮೂರು ಖಾನೆಗಳು: ಉದ್ದನೆಯದರಲ್ಲಿ ಬೊರುವಿನ ಲೇಖಣಿಗಳು, ಗಿಡ್ಡದರಲ್ಲಿ ದೌತಿ, ಇನ್ನೊಂದರಲ್ಲಿ ಲೇಖಣಿಯ ತುದಿ ಕೆತ್ತುವ ಸಣ್ಣ ಚಾಕು. ದೌತಿಯ ಮಸಿ ಒಣಗಿ ಎಷ್ಟೋ ಕಾಲವಾಯಿತು. ಆದರೂ ಮುಚ್ಚಳ ಸರಿಸಿದರೆ ಇಂದಿಗೂ ಒಂದು ಬಗೆಯ ಕಮಟು ವಾಸನೆ ಬರುತ್ತದೆ. ಮುತ್ತ್ಯಾನ ತಂದೆಯವರು ಪಟವಾರಿಯ ದಫ್ತರದಲ್ಲಿ ಬರೆಯುವ ಕೆಲಸ ಮಾಡುತ್ತಿದ್ದರಂತೆ. ಊರವರ ಅರ್ಜಿ, ಲಾವಣಿ ಪತ್ರ, ನೆಂಟರಿಗೆ ಕಾಗದ, ಎಲ್ಲವೂ ಈ ಪೆಟ್ಟಿಗೆಯಿಂದಲೇ ಹೊರಟವು.

ಇದೇ ಪೆಟ್ಟಿಗೆಯಿಂದ ನಮ್ಮ ಮನೆಗೆ ಒಂದು ನಷ್ಟವೂ ಬಂದಿತು. ಅಷ್ಟು ಜನರಿಗೆ ಕಾಗದ ಬರೆದುಕೊಟ್ಟ ಹಿರಿಯರು ಒಮ್ಮೆ ಒಬ್ಬ ಪರಿಚಿತನಿಗೆ ಜಾಮೀನು ನಿಂತು, ಬರಹ ತುಂಬುವ ಮೊದಲೇ, ಕೋರಾ ಛಾಪಾ ಕಾಗದದ ಕೆಳಗೆ ತಮ್ಮ ರುಜು ಹಾಕಿಬಿಟ್ಟರು. ಆಮೇಲೆ ಆ ಕಾಗದದ ಮೇಲೆ ಏನು ತುಂಬಿತೆಂಬುದು ಹಳ್ಳದ ದಂಡೆಯ ೪ ಎಕರೆ ಹೊಲ ಕೈಬಿಟ್ಟು ಹೋದಾಗಲೇ ಮನೆಯವರಿಗೆ ತಿಳಿದದ್ದು. ರುಜು ಅವರದೇ, ಅಕ್ಷರ ಅವರದಲ್ಲ. ಪಂಚರ ಮುಂದೆ ಅವರು ಹೇಳಬಹುದಾದದ್ದು ಇಷ್ಟೇ ಆಗಿತ್ತು, ಮತ್ತು ಅಷ್ಟರಿಂದ ಹೊಲ ತಿರುಗಿ ಬರಲಿಲ್ಲ. ಈಗಲೂ ಬಿತ್ತನೆಯ ಕಾಲಕ್ಕೆ ಮುತ್ತ್ಯಾ ಆ ಹೊಲದ ಬದುವಿನ ಮೇಲಿನ ದಾರಿಯಲ್ಲಿ ಹೋಗುವುದಿಲ್ಲ, ಸುತ್ತುಹಾಕಿ ಹೋಗುತ್ತಾರೆ.

ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದ ಪ್ರವಾಸದಲ್ಲಿ ಬೀದರಿಗೆ ಹೋದಾಗ, ಮಹಮೂದ ಗವಾನನ ಮದರಸೆಯ ಮುಂದೆ ನಿಂತು ಗುರುಗಳು ಆ ವಜೀರನ ಅಂತ್ಯವನ್ನು ವಿವರಿಸಿದರು. ಸಂಗಡಿಗರೆಲ್ಲ ಮಿನಾರಿನ ಹೆಂಚುಗಳ ಕಡೆಗೆ ನೋಡುತ್ತಿದ್ದರು. ನನಗೆ ಮಾತ್ರ ನಮ್ಮ ಮನೆಯ ಮಾಡು ಕಣ್ಣಿಗೆ ಕಟ್ಟಿತು. ರುಜು ಅವನದೇ, ಅಕ್ಷರ ಅವನದಲ್ಲ. ಆ ದಿನದಿಂದ ಈ ಮನುಷ್ಯನ ವಿಷಯವಾಗಿ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆನು. ಅದರಲ್ಲಿ ನನ್ನ ಅಲ್ಪಮತಿಗೆ ನಿಲುಕಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋರ್ಟಾದ ಹುಡುಗ ಬಹಮನಿ ವಜೀರನ ಕಥೆಯನ್ನೇಕೆ ಬರೆಯಹೊರಟ ಎಂದು ವಸತಿಗೃಹದ ಮಿತ್ರನೊಬ್ಬನು ಕೇಳಿದನು. ಅವನು ಕೇಳಿದ್ದು ತಪ್ಪಲ್ಲ. ೧೯೪೮ರ ಮೇ ತಿಂಗಳಿನಲ್ಲಿ ರಜಾಕಾರರು ನಮ್ಮೂರಿನ ಮೇಲೆ ಬಿದ್ದು ಮಾಡಿದ ಕಗ್ಗೊಲೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಆ ಹೆಸರುಗಳನ್ನು ನಾವು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ರಜಾಕಾರರಿಗೂ, ಅವರಿಗಿಂತ ೪೬೭ ವರ್ಷ ಮೊದಲೇ ತಲೆ ಕೊಟ್ಟ ಒಬ್ಬ ವಿದ್ವಾಂಸನಿಗೂ ಸಂಬಂಧ ಕಟ್ಟುವುದು ಇತಿಹಾಸವಲ್ಲ. ನಮ್ಮ ಕಡೆ ಊರಿನ ಹೆಸರಿನ ಮುಂದೆ ಬರೆಯುವ ಬಿ ಎಂಬುದು ಹಿರಿದು ಎಂಬರ್ಥದ ಬುಜುರ್ಗ ಎಂಬ ಫಾರಸಿ ಮಾತಿನ ಮೊದಲಕ್ಷರ. ಕೆ ಎಂದರೆ ಖುರ್ದ, ಕಿರಿದು. ಕಲಮು, ಕಾಗದ, ದಫ್ತರ, ಶಾಯಿ, ರುಜು, ಮೊಹರು, ವಸೂಲಿ, ಜಾಮೀನು ಇವೆಲ್ಲ ಬೀದರಿನಂಥ ದರ್ಬಾರುಗಳ ಕಚೇರಿಯಿಂದ ಇಳಿದು ನಮ್ಮ ಅಡಿಗೆಮನೆಯ ವರೆಗೆ ಬಂದ ಮಾತುಗಳು. ಆ ಕಚೇರಿಯನ್ನು ಬಹುಕಾಲ ನಡೆಸಿದವನ ಕಥೆ ನಮ್ಮ ಸೀಮೆಯ ಕಥೆಯೂ ಹೌದು.

ಇರಲಿ, ವಿಷಯಕ್ಕೆ ಬರೋಣ.

ಮಹಮೂದನು ಹುಟ್ಟಿದ್ದು ಇರಾನಿನಲ್ಲಿ, ಕ್ಯಾಸ್ಪಿಯನ್ ಸಮುದ್ರದ ತೆಂಕಣ ದಂಡೆಯಲ್ಲಿರುವ ಗೀಲಾನ ಪ್ರಾಂತದ ಗವಾನ ಎಂಬಲ್ಲಿ. ಕ್ರಿ.ಶ. ೧೪೧೧ರ ಸುಮಾರು ಎಂದು ಹೇಳುವವರು ಹೆಚ್ಚು. ಅವನ ಹಿರಿಯರು ಗೀಲಾನದ ಅರಸರ ಬಳಿ ಮಂತ್ರಿಪದವಿಯಲ್ಲಿದ್ದವರು. ಅರಮನೆಯ ಒಳಜಗಳಗಳ ಬಿಸಿ ತಟ್ಟಿ ಮಹಮೂದನು ತಾಯ್ನಾಡನ್ನು ಬಿಟ್ಟನು. ಮತ್ತೆ ಯಾವ ಅರಸನ ಚಾಕರಿಯೂ ಬೇಡವೆಂದು ವ್ಯಾಪಾರಕ್ಕಿಳಿದನು. ಆದರೆ ಅವನು ಊರೂರು ತಿರುಗಿದ್ದು ಬರಿಯ ಲಾಭಕ್ಕಾಗಿ ಅಲ್ಲ. ಕೈರೋ, ಡಮಾಸ್ಕಸ್ ಮೊದಲಾದ ಪಟ್ಟಣಗಳಲ್ಲಿ ಸರಕನ್ನು ಇಳಿಸಿ ಪಂಡಿತರ ಮನೆ ಹುಡುಕಿಕೊಂಡು ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದನು. ಅವನ ಕಾಲದಲ್ಲಿ ವ್ಯಾಪಾರಿಗೂ ವಿದ್ವಾಂಸನಿಗೂ ಇದ್ದ ಸಮಾನ ಸಾಮಗ್ರಿ ಕಲಮದಾನಿ. ಒಬ್ಬನು ಅದರಿಂದ ಲೆಕ್ಕ ಬರೆಯುವನು, ಇನ್ನೊಬ್ಬನು ಟೀಕೆ ಬರೆಯುವನು. ಮಹಮೂದನು ಎರಡನ್ನೂ ಬರೆದನು.

ಈ ಕಲಮದಾನಿಯ ವಿಷಯವಾಗಿ ಇಲ್ಲಿಯೇ ನಾಲ್ಕು ಮಾತು ಹೇಳುವುದು ಒಳಿತು. ಇಂದು ನಾವು ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಕಾಲೇಜಿಗೆ ಬರುತ್ತೇವೆ. ಶಾಯಿ ಪೆನ್ನಿನ ಹೊಟ್ಟೆಯಲ್ಲಿಯೇ ಇರುತ್ತದೆ. ಅಮೆರಿಕದ ವಾಟರ್‌ಮನ್ ಎಂಬವನು ೧೮೮೪ರಲ್ಲಿ ತನ್ನ ಪೆನ್ನಿಗೆ ಪೇಟೆಂಟು ಪಡೆಯುವ ಮೊದಲು, ಮಸಿಯನ್ನು ತನ್ನೊಳಗೇ ಇಟ್ಟುಕೊಂಡು ಸರಿಯಾಗಿ ಬರೆಯುವ ಲೇಖಣಿ ಸಾಮಾನ್ಯರ ಕೈಗೆ ಬಂದಿರಲಿಲ್ಲ. ಅದಕ್ಕೂ ಹಿಂದೆ ಬರೆಯುವವನು ತನ್ನ ಕಚೇರಿಯನ್ನೇ ಹೊತ್ತು ತಿರುಗಬೇಕಾಗಿತ್ತು. ಬೊರು ಬೇಗ ಸವೆಯುತ್ತದೆ, ಆದುದರಿಂದ ನಾಲ್ಕಾರು ಬೇಕು. ತುದಿಯನ್ನು ಓರೆಯಾಗಿ ಕತ್ತರಿಸಿ ನಡುವೆ ಸೀಳಲು ಚಾಕು ಬೇಕು, ಕತ್ತರಿಸುವಾಗ ಕೆಳಗೆ ಒತ್ತಿಹಿಡಿಯಲು ದಂತದ ಅಥವಾ ಎಲುಬಿನ ಪುಟ್ಟ ಹಲಗೆ ಬೇಕು. ದೌತಿಯಲ್ಲಿ ಮಸಿ ತುಳುಕದಂತೆ ರೇಷ್ಮೆಯ ಎಳೆಗಳ ಉಂಡೆಯನ್ನು ನೆನೆಹಾಕಿಡುವರು. ಲೇಖಣಿಯ ತುದಿಯನ್ನು ಆ ಉಂಡೆಗೆ ಒತ್ತಿದರೆ ಬೇಕಾದಷ್ಟೇ ಮಸಿ ಹತ್ತುತ್ತದೆ. ದಾರಿಯಲ್ಲಿ ಕುದುರೆ ಎಷ್ಟು ಕುಣಿದರೂ ಬಟ್ಟೆಗೆ ಕಲೆಯಿಲ್ಲ! ಇಷ್ಟನ್ನೂ ಹಿಡಿಸುವ ನೀಳವಾದ ಪೆಟ್ಟಿಗೆಯೇ ಕಲಮದಾನಿ. ಬಿಡಿ ಹಾಳೆಗಳಿಗೆ ತೊಗಲಿನ ಅಥವಾ ಬಟ್ಟೆಯ ಹೊದಿಕೆ ಬೇರೆ, ಅದಕ್ಕೆ ಜುಜ್ದಾನ ಎನ್ನುವರು. ದೊರೆಯಿಂದ ದೊರೆಗೆ ಹೋಗುವ ಪತ್ರಕ್ಕೆ ಜರತಾರಿಯ ಚೀಲ, ಅದೇ ಖರೀತ. ಚೀಲದ ಬಾಯಿಗೆ ದಾರ, ದಾರದ ಗಂಟಿಗೆ ಅರಗಿನ ಮುದ್ರೆ. ನಮ್ಮ ಪಟವಾರಿಗಳು ಕೆಂಪು ಬಟ್ಟೆಯಲ್ಲಿ ಕಟ್ಟುತ್ತಿದ್ದ ಬಸ್ತಾ ಇದೇ ಕುಲದ ಬಡ ಸೋದರಿ.

ಇರಾನದ ಹಳೆಯ ರಾಜ್ಯಗಳಲ್ಲಿ ದೌತಿಯು ವಜೀರನ ಅಧಿಕಾರದ ಚಿಹ್ನೆಯಾಗಿತ್ತು. ಸೇನಾಪತಿಗೆ ಖಡ್ಗವಿದ್ದಂತೆ ವಜೀರನಿಗೆ ದೌತಿ. ಅದನ್ನು ದರ್ಬಾರಿನಲ್ಲಿ ಕೊಟ್ಟರೆಂದರೆ ಪದವಿ ಬಂತು, ಕಸಿದುಕೊಂಡರೆ ಪದವಿ ಹೋಯಿತು. ಮುಂದೆ ಬೀದರಿನ ಕಸಬುದಾರರೂ ಕಲಮದಾನಿಗಳನ್ನು ಮಾಡಿದರು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಬಳ್ಳಿ ಹೂವು ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುವರು. ಕಡೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುತ್ತದೆ. ಕಪ್ಪು ಮಸಿಗೆ ಬಿಳಿಯ ಕಾಗದ, ಬಿಳಿಯ ಬೆಳ್ಳಿಗೆ ಕಪ್ಪು ಪೆಟ್ಟಿಗೆ. ಈ ಜೋಡಿಯನ್ನು ಯೋಚಿಸಿದವನು ರಸಿಕನೇ ಸರಿ. ಇಂಥ ಬಿದರಿ ಕಲಮದಾನಿಗಳು ಇಂದು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಇವೆ.

ಮಹಮೂದನು ೧೪೫೩ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದನು. ಆಗಲೇ ಅವನಿಗೆ ೪೦ ದಾಟಿತ್ತು. ಬೀದರಿನಲ್ಲಿದ್ದ ಪ್ರಸಿದ್ಧ ಸಂತ ಶಾಹ ಮುಹಿಬ್ಬುಲ್ಲಾನ ದರ್ಶನ ಮಾಡುವುದು, ತಂದ ಸರಕನ್ನು ಮಾರುವುದು, ತಿರುಗಿ ಹೋಗುವುದು, ಇಷ್ಟೇ ಅವನ ಎಣಿಕೆ. ಆದರೆ ಸುಲ್ತಾನ ಎರಡನೆಯ ಅಲಾವುದ್ದೀನ ಅಹಮದನು ಅವನ ಮಾತು ಕೇಳಿ ಮೆಚ್ಚಿ ದರ್ಬಾರಿನಲ್ಲಿಯೇ ಉಳಿಸಿಕೊಂಡನು. ಚಾಕರಿ ಬೇಡವೆಂದು ಊರು ಬಿಟ್ಟವನಿಗೆ ಪರದೇಶದಲ್ಲಿ ಚಾಕರಿಯೇ ಎದುರಾಗಿ ಬಂದಿತು. ನಲಗೊಂಡದ ಕಡೆಗೆ ಎದ್ದ ಬಂಡಾಯವೊಂದನ್ನು ಅಡಗಿಸಲು ಕಳುಹಿದರೆ, ಬಂಡುಗಾರನನ್ನು ಶರಣು ತಂದನಲ್ಲದೆ ಅವನ ಪ್ರಾಣವನ್ನೂ ಉಳಿಸಿಕೊಟ್ಟನು. ೧೪೫೮ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ ಶಾಹನು ಕ್ರೂರಿಯೆಂದು ಕುಪ್ರಸಿದ್ಧನು. ಅಂಥವನೂ ಗವಾನನಿಗೆ ವರ್ತಕರ ಅರಸು ಎಂಬರ್ಥದ ಮಲಿಕುತ್ತುಜ್ಜಾರ ಬಿರುದನ್ನಿತ್ತು ಆಡಳಿತವನ್ನು ಒಪ್ಪಿಸಿದನು. ಹುಮಾಯೂನನು ೧೪೬೧ರಲ್ಲಿ ತೀರಿದಾಗ ಪಟ್ಟಕ್ಕೆ ಬಂದ ನಿಜಾಮ ಶಾಹನು ೮ ವರ್ಷದ ಹುಡುಗ. ರಾಜಮಾತೆ ಮಖ್ದೂಮಾ ಜಹಾನ್, ಖ್ವಾಜಾ ಜಹಾನ ತುರ್ಕ ಮತ್ತು ಗವಾನ, ಈ ಮೂವರು ಕೂಡಿ ರಾಜ್ಯ ನಡೆಸಿದರು. ಮಾಳವದ ಮಹಮೂದ ಖಿಲ್ಜಿಯು ದಂಡೆತ್ತಿ ಬಂದು ಬೀದರ ಪಟ್ಟಣವನ್ನೇ ಹೊಕ್ಕಾಗ ಗುಜರಾತಿನ ಸುಲ್ತಾನನಿಗೆ ಪತ್ರ ಬರೆದು ಸಹಾಯ ತರಿಸಿ ವೈರಿಯನ್ನು ಹಿಮ್ಮೆಟ್ಟಿಸಿದ ಪ್ರಸಂಗದಲ್ಲಿ ಗವಾನನ ಕಲಮೂ ಕತ್ತಿಯೂ ಕೂಡಿ ದುಡಿದವು. ಬಾಲಕ ಸುಲ್ತಾನನು ೧೪೬೩ರಲ್ಲಿ ತೀರಿಕೊಂಡನು. ಅವನ ತಮ್ಮ ಮೂರನೆಯ ಮುಹಮ್ಮದ ಶಾಹನು ಪಟ್ಟವೇರಿದನು. ೧೪೬೬ರಿಂದ ಮುಂದೆ ಹದಿನೈದು ವರ್ಷ ಗವಾನನೇ ರಾಜ್ಯದ ಮಹಾಮಂತ್ರಿ.

ಯುದ್ಧಗಳ ಕಥೆಯನ್ನು ನಾನು ಬೇಗ ಮುಗಿಸುತ್ತೇನೆ. ಪಠ್ಯಪುಸ್ತಕದಲ್ಲಿ ಅವು ಸಾಕಷ್ಟಿವೆ. ಕೊಂಕಣದ ದುರ್ಗಗಳನ್ನು ಒಂದೊಂದಾಗಿ ಗೆದ್ದು ೧೪೭೨ರಲ್ಲಿ ವಿಜಯನಗರದ ವಶದಲ್ಲಿದ್ದ ಗೋವೆಯನ್ನು ಹಿಡಿದನು. ಬೆಳಗಾವಿಯ ಕೋಟೆಯ ಗೋಡೆಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದನು. ಈ ಪ್ರಾಂತಕ್ಕೆ ಅದು ಹೊಸ ವಿದ್ಯೆಯಾಗಿತ್ತು. ಗೆದ್ದವನಿಗೆ ಕೀರ್ತಿ ಬಂದಿತು, ಸೋತ ಊರುಗಳಿಗೆ ಸಂಕಟ ಬಂದಿತು. ಅವನನ್ನು ಹೊಗಳುವ ಭರದಲ್ಲಿ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಗೋವೆಯ ಗೆಲವಿನ ತರುವಾಯ ನಡೆದ ಒಂದು ಘಟನೆಯನ್ನು ಮಾತ್ರ ಬಿಡಲಾರೆ. ಸುಲ್ತಾನನು ತಾನೇ ಗವಾನನ ಮನೆಗೆ ಬಂದು ಒಂದು ವಾರ ಇದ್ದು ಉಡುಗೊರೆಗಳ ಮಳೆಗರೆದನು. ರಾಜಮಾತೆಯು ಅವನನ್ನು ಸೋದರನೆಂದು ಕರೆದಳು. ಅತಿಥಿಗಳು ಹೋದ ಮೇಲೆ ಗವಾನನು ಕೋಣೆಯೊಳಗೆ ಹೋಗಿ ಬಾಗಿಲಿಕ್ಕಿಕೊಂಡು, ಜರತಾರಿಯ ಉಡುಪನ್ನು ಕಳಚಿ ನೆಲದ ಮೇಲೆ ಬಿದ್ದು ಅತ್ತನಂತೆ. ಹೊರಗೆ ಬಂದಾಗ ಫಕೀರನ ಉಡುಗೆಯಲ್ಲಿದ್ದನು. ವಿದ್ವಾಂಸರನ್ನೂ ಬಡವರನ್ನೂ ಕರೆಸಿ ತನ್ನ ಸ್ವತ್ತನ್ನೆಲ್ಲ ಹಂಚಿಬಿಟ್ಟನು. ಆನೆ ಕುದುರೆಗಳು ಸುಲ್ತಾನನವು, ಪುಸ್ತಕಗಳು ವಿದ್ಯಾರ್ಥಿಗಳವು, ಆದುದರಿಂದ ಅವೆರಡು ತನ್ನವಲ್ಲವೆಂದು ಉಳಿಸಿದನು. ಇಷ್ಟು ಗೌರವ ತಲೆಗೇರಿ ತಾನು ಕೆಟ್ಟುಹೋಗುವೆನೆಂಬ ಹೆದರಿಕೆ ಅವನಿಗೆ ಹುಟ್ಟಿತ್ತು. ಅಂಥ ಹೆದರಿಕೆ ಅಧಿಕಾರಿಗಳಿಗೆ ಬರುವುದು ವಿರಳ.

ಅವನ ದಿನಚರಿಯೂ ಹಾಗೆಯೇ ಇತ್ತು. ಆ ದಿನಗಳಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಈ ಮಂತ್ರಿಯ ಮನೆಯಲ್ಲಿ ದಿನವೂ ನೂರಾರು ಜನ ಊಟ ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಷ್ಟು ಜನರಿಗೆ ಉಣಿಸಿದವನು ತಾನು ಮಾತ್ರ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಂಡು ಚಾಪೆಯ ಮೇಲೆ ಮಲಗುತ್ತಿದ್ದನು. ವರ್ತಕನಾಗಿ ತಂದ ೪೦,೦೦೦ ಲಾರಿ ನಾಣ್ಯಗಳ ಬಂಡವಾಳವನ್ನು ವ್ಯಾಪಾರದಲ್ಲಿಯೇ ತೊಡಗಿಸಿ ಅದರ ಲಾಭದಿಂದ ತನ್ನ ಊಟದ ಖರ್ಚು ನಡೆಸುತ್ತಿದ್ದನು, ಉಳಿದದ್ದನ್ನು ಬಡವರಿಗೂ ದೂರದ ಬಂಧುಗಳಿಗೂ ಕೊಡುತ್ತಿದ್ದನು. ಜಹಗೀರಿಯ ಹಣವು ಸೈನ್ಯಕ್ಕೆ ಮತ್ತು ಸರಕಾರದ ಕೆಲಸಕ್ಕೆ. ಈ ಎರಡು ಲೆಕ್ಕಗಳು ಎಂದೂ ಒಂದಾಗಲಿಲ್ಲ. ಶುಕ್ರವಾರದ ರಾತ್ರಿ ವೇಷ ಮರೆಸಿಕೊಂಡು ಪೇಟೆಯ ಓಣಿಗಳಲ್ಲಿ ತಿರುಗಿ ದಾನ ಮಾಡುತ್ತಿದ್ದನೆಂದೂ ಹೇಳುತ್ತಾರೆ.

ಇಷ್ಟರ ನಡುವೆ ಬರೆಯುವುದನ್ನು ಅವನು ನಿಲ್ಲಿಸಲಿಲ್ಲ. ಪತ್ರ ಬರೆಯುವ ಕಲೆಯ ಮೇಲೆಯೇ ಮನಾಜಿರುಲ್ ಇನ್ಶಾ ಎಂಬ ಒಂದು ಶಾಸ್ತ್ರಗ್ರಂಥವನ್ನು ರಚಿಸಿದನು. ಅವನು ಬರೆದ ಪತ್ರಗಳ ಸಂಗ್ರಹ ರಿಯಾಜುಲ್ ಇನ್ಶಾ. ಗೀಲಾನದ ಅರಸರಿಗೆ, ತುರ್ಕಿಯ ಸುಲ್ತಾನನಿಗೆ, ಹೆರಾತದ ಮಹಾಕವಿ ಜಾಮಿಗೆ, ತನ್ನ ಮಕ್ಕಳಿಗೆ ಬರೆದ ಪತ್ರಗಳು ಅದರಲ್ಲಿವೆ. ಜಾಮಿಯನ್ನು ಬೀದರಿಗೆ ಬರಬೇಕೆಂದು ಬಹಳವಾಗಿ ಬೇಡಿಕೊಂಡರೂ ಕವಿ ಬರಲಿಲ್ಲ, ಸ್ನೇಹ ಮಾತ್ರ ಕಾಗದದ ಮೇಲೆಯೇ ಬೆಳೆಯಿತು. ಈ ಸಂಗ್ರಹವು ಹೈದರಾಬಾದಿನಲ್ಲಿ ಅಚ್ಚಾದದ್ದು ೧೯೪೮ರಲ್ಲಿ. ನಮ್ಮೂರಿಗೆ ಬೆಂಕಿ ಬಿದ್ದ ವರ್ಷವೂ ಅದೇ. ಕಾಲವು ಏನೇನನ್ನು ಒಂದೇ ಹಗ್ಗದಲ್ಲಿ ಕಟ್ಟುತ್ತದೆಯೋ ಹೇಳಲಾಗದು.

ನಾವು ವಿದ್ಯಾರ್ಥಿಗಳು ಅವನಿಗೆ ಋಣಿಗಳಾಗಬೇಕಾದದ್ದು ಮದರಸೆಗಾಗಿ. ೧೪೭೨ರಲ್ಲಿ ಕಟ್ಟಿ ಮುಗಿದ ಆ ಮೂರಂತಸ್ತಿನ ಕಟ್ಟಡ ೨೦೫ ಅಡಿ ಉದ್ದ, ೧೮೦ ಅಡಿ ಅಗಲ. ವಿದ್ಯಾರ್ಥಿಗಳಿಗೆ ೩೬ ಕೋಣೆ, ಅಧ್ಯಾಪಕರಿಗೆ ೬ ಬಿಡಾರ, ಮೇಲೆ ಉಪನ್ಯಾಸದ ಮಂದಿರಗಳು, ಪ್ರಾರ್ಥನೆಯ ಮಂದಿರ, ೩,೦೦೦ ಪುಸ್ತಕಗಳ ಭಂಡಾರ. ದೂರದೇಶಗಳ ಪಂಡಿತರು ಬಂದು ಕಲಿಸಿದರು. ವಿದ್ಯಾರ್ಥಿಗಳಿಗೆ ಊಟ, ವಸತಿ ಎಲ್ಲವೂ ಧರ್ಮಾರ್ಥ. ಕೋಣೆಗಳಿಗೆ ಗಾಳಿ ಬೆಳಕು ಧಾರಾಳವಾಗಿ ಬರುವಂತೆ ಕಟ್ಟಿದ್ದಾರೆ. ಆ ಕೋಣೆಯೊಂದರಲ್ಲಿ ಕ್ಷಣಹೊತ್ತು ಕುಳಿತು ನೋಡಿದೆನು. ನಮ್ಮ ವಸತಿಗೃಹದ ಕೋಣೆಯ ನೆನಪು ಬಂದು ಸುಮ್ಮನಾದೆನು. ಮೊಗಸಾಲೆಯ ಮೇಲೆ ಬಣ್ಣಬಣ್ಣದ ಹೆಂಚಿನಲ್ಲಿ ಬರೆದ ಅಕ್ಷರಗಳ ಸಾಲು ಇನ್ನೂ ಅಲ್ಲಲ್ಲಿ ಉಳಿದಿದೆ. ಇಡೀ ಗೋಡೆಯೇ ಒಂದು ಹಾಳೆಯೆಂದು ಬರೆದಂತಿದೆ. ಮುಂದೆ ಬೀದರವು ಔರಂಗಜೇಬನ ಕೈಸೇರಿದ ಮೇಲೆ ಕಟ್ಟಡದೊಳಗೆ ಮದ್ದು ತುಂಬಿಡಲಾಗಿತ್ತು. ೧೬೯೬ರಲ್ಲಿ ಸಿಡಿಲು ಬಡಿದು ಅದು ಸ್ಫೋಟಿಸಿ ಎದುರಿನ ಒಂದು ಮಿನಾರು, ಹೆಬ್ಬಾಗಿಲು ಹಾರಿಹೋದವು. ಬೆಳಗಾವಿಯ ಗೋಡೆಯನ್ನು ಮದ್ದಿನಿಂದ ಒಡೆದವನ ವಿದ್ಯಾಮಂದಿರವನ್ನು ಒಡೆದದ್ದೂ ಮದ್ದೇ.

ಇನ್ನು ಅವನ ಆಡಳಿತದ ಮಾತು. ರಾಜ್ಯದಲ್ಲಿ ೪ ತರಫುಗಳಿದ್ದವು. ಒಂದೊಂದು ತರಫಿನ ಅಧಿಪತಿಯೂ ಒಂದೊಂದು ರಾಜನಂತೆ ಬೆಳೆದಿದ್ದನು. ಗವಾನನು ೪ನ್ನು ಒಡೆದು ೮ ಮಾಡಿದನು. ಪ್ರತಿಯೊಬ್ಬ ತರಫದಾರನಿಗೂ ಒಂದೇ ಒಂದು ಕೋಟೆ, ಉಳಿದ ಕೋಟೆಗಳಿಗೆಲ್ಲ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸತಕ್ಕದ್ದು. ಪ್ರತಿ ತರಫಿನಲ್ಲಿ ಕೆಲವು ಭೂಮಿ ಖಾಲಸಾ, ಅಂದರೆ ನೇರವಾಗಿ ಖಜಾನೆಗೆ. ಹೊಲಗಳನ್ನು ಅಳತೆಮಾಡಿಸಿ ಕಂದಾಯ ಗೊತ್ತುಪಡಿಸಿದನು. ಗೈರುಹಾಜರಾದ ಸೈನಿಕರ ಲೆಕ್ಕದ ಹಣ ಸರದಾರನ ಚೀಲ ಸೇರದಂತೆ ಕಟ್ಟುಮಾಡಿದನು. ಇದೆಲ್ಲ ಕತ್ತಿಯ ಕೆಲಸವಲ್ಲ, ಲೇಖಣಿಯ ಕೆಲಸ. ಕತ್ತಿ ತಗಲಿದವನು ಒಮ್ಮೆ ಕೂಗುತ್ತಾನೆ. ಲೆಕ್ಕ ತಗಲಿದವನು ಒಳಗೊಳಗೇ ಕುದಿಯುತ್ತಾನೆ. ಅದರ ಮೇಲೆ ದರ್ಬಾರಿನಲ್ಲಿ ಎರಡು ಪಕ್ಷಗಳಿದ್ದವು: ಈ ನೆಲದಲ್ಲಿ ನೆಲೆಗೊಂಡ ದಖ್ಖಣಿಗಳು ಒಂದು ಕಡೆ, ಇರಾನ್ ತೂರಾನುಗಳಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ಗವಾನನು ಪದವಿಗಳನ್ನು ಎರಡೂ ಪಕ್ಷಕ್ಕೆ ಸಮನಾಗಿ ಹಂಚಲು ನೋಡಿದನು. ಆದರೆ ಅವನು ಸ್ವತಃ ಪರದೇಶಿ. ತಕ್ಕಡಿ ಹಿಡಿದವನೇ ಒಂದು ಕಡೆಯವನೆಂದಾಗ ಮತ್ತೊಂದು ಕಡೆಯವರಿಗೆ ತೂಕದ ಮೇಲೆ ನಂಬಿಕೆ ಬರುವುದು ಕಷ್ಟ. ದಖ್ಖಣಿಗಳ ಮುಂದಾಳು ನಿಜಾಮುಲ್ಮುಲ್ಕ ಹಸನ್ ಬಹರಿ. ಇವನ ತೆಲಂಗಾಣದ ತರಫು ಈಗ ಎರಡಾಗಿ ಹೋಗಿತ್ತು.

ಈಗ ಆ ಕಾಗದದ ಕಥೆಗೆ ಬರುತ್ತೇನೆ.

ಗವಾನನ ಮುದ್ರೆಯನ್ನು ಕಾಯುತ್ತಿದ್ದವನು ಅವನ ಒಬ್ಬ ಹಬಶಿ ಗುಲಾಮ. ದಿನವೂ ಬರುವ ನೂರಾರು ಕಾಗದಗಳಿಗೆ ಒಡೆಯನೇ ಮುದ್ರೆ ಒತ್ತುತ್ತ ಕುಳಿತರೆ ರಾಜ್ಯ ನಡೆಯುವಂತಿರಲಿಲ್ಲ. ಆ ಕೆಲಸ ಸೇವಕನಿಗೆ ಬಿಟ್ಟದ್ದು. ವೈರಿಗಳು ಇದನ್ನು ಅರಿತರು. ವಜೀರನ ಮೇಲೆ ಕತ್ತಿ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಕಲಮದಾನಿಯ ಬಾಗಿಲಲ್ಲಿ ಒಬ್ಬ ಸಾಮಾನ್ಯ ಗುಲಾಮ ಕುಳಿತಿದ್ದನು. ಜರೀಫುಲ್ಮುಲ್ಕ ದಖ್ಖಣಿ ಮತ್ತು ಮಿಫ್ತಾಹ ಹಬಶಿ ಎಂಬ ಇಬ್ಬರು ಅವನ ಸ್ನೇಹ ಬೆಳೆಸಿದರು. ಒಡವೆ ಕೊಟ್ಟರು, ಕುದುರೆ ಕೊಟ್ಟರು, ಕುಡಿಸಿದರು. ಒಂದು ದಿನ ಅವನು ಅಮಲಿನಲ್ಲಿದ್ದಾಗ ಮಡಿಸಿದ ಒಂದು ಕಾಗದವನ್ನು ಮುಂದಿಟ್ಟು, ಇದು ನಮ್ಮ ಗೆಳೆಯನೊಬ್ಬನ ಲೆಕ್ಕದ ಕಾಗದ, ಬೇರೆ ಕಚೇರಿಗಳ ಮುದ್ರೆ ಆಗಿದೆ, ನಿನ್ನ ಒಡೆಯನದೊಂದು ಬಾಕಿಯಿದೆ ಎಂದು ನಂಬಿಸಿದರು. ಅವನು ಮಡಿಕೆ ಬಿಚ್ಚಿಯೂ ನೋಡದೆ ಮುದ್ರೆ ಒತ್ತಿಕೊಟ್ಟನು. ಕಾಗದದಲ್ಲಿ ಅಕ್ಷರವೇ ಇರಲಿಲ್ಲ.

ಆಮೇಲೆ ಅದರಲ್ಲಿ ಒಡಿಶಾದ ರಾಜನಿಗೆ ವಜೀರನು ಬರೆದಂತೆ ಒಂದು ಪತ್ರವನ್ನು ತುಂಬಿದರು. ಸುಲ್ತಾನನು ಕುಡಿತಕ್ಕೆ ಬಿದ್ದು ಪ್ರಜೆಗಳಿಗೆ ಬೇಡವಾಗಿದ್ದಾನೆ, ನೀನು ದಂಡೆತ್ತಿ ಬಂದರೆ ರಾಜ್ಯವನ್ನು ನಾವಿಬ್ಬರೂ ಹಂಚಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಆಗ ಸುಲ್ತಾನನ ಪಾಳೆಯ ಆಂಧ್ರದ ಕೊಂಡಪಲ್ಲಿಯಲ್ಲಿತ್ತು. ಗವಾನನ ದತ್ತುಮಗನಂತಿದ್ದ ಯೂಸುಫ್ ಆದಿಲ್ ಖಾನನು ದಂಡಿನೊಡನೆ ದೂರ ಹೋಗಿದ್ದನು. ಹಸನ್ ಬಹರಿ ಸುಲ್ತಾನನ ಬಳಿಯಿದ್ದ ಹೊತ್ತು ನೋಡಿ ಪತ್ರವನ್ನು ಮುಂದಿಟ್ಟರು. ಕುಡಿತದ ಅಮಲಿನಲ್ಲಿದ್ದ ಸುಲ್ತಾನನು ಪತ್ರವನ್ನು ಒಯ್ದವನು ಎಲ್ಲಿ, ಬರೆದ ಕೈ ಯಾರದು ಎಂಬ ಒಂದು ಪ್ರಶ್ನೆಯನ್ನೂ ಕೇಳದೆ ಗವಾನನಿಗೆ ಕರೆ ಕಳುಹಿದನು.

ಹೋಗಬೇಡವೆಂದು ಗೆಳೆಯರು ತಡೆದರು. ಕುದುರೆಗಳು ಸಿದ್ಧವಾಗಿವೆ, ಗುಜರಾತಿಗೆ ಹೊರಟುಹೋಗೋಣ ಎಂದರು. ಅದು ಸಾಧ್ಯವೂ ಇತ್ತು. ಹುಮಾಯೂನನ ಸೇವೆಯಲ್ಲಿ ನೆರೆತ ಗಡ್ಡ ಅವನ ಮಗನ ಕೈಯಲ್ಲಿ ಕೆಂಪಾದರೆ ಅದೂ ಮಾನವೇ ಎಂಬ ಅರ್ಥದ ಮಾತಾಡಿ ಮುದುಕನು ಹೊರಟನು. ಸುಲ್ತಾನನು, ಒಡೆಯನಿಗೆ ದ್ರೋಹ ಬಗೆದವನಿಗೆ ಏನು ಶಿಕ್ಷೆಯೆಂದು ಕೇಳಿದನು. ಗವಾನನು ತಡವರಿಸದೆ ಮರಣವೆಂದನು. ಪತ್ರವನ್ನು ತೋರಿಸಿದರು. ನೋಡಿದವನು ಮುದ್ರೆ ತನ್ನದೇ, ಪತ್ರ ತನ್ನದಲ್ಲವೆಂದನು. ಪತ್ರ ಬರೆಯುವ ಶಾಸ್ತ್ರಕ್ಕೆ ಗ್ರಂಥ ಬರೆದವನ ಈ ಮಾತನ್ನು ಪರೀಕ್ಷಿಸಲು ಅಲ್ಲಿ ಯಾರಿಗೂ ವ್ಯವಧಾನವಿರಲಿಲ್ಲ. ಅವನ ನೂರಾರು ಪತ್ರಗಳ ಶೈಲಿಯ ಪಕ್ಕದಲ್ಲಿ ಆ ಒಂದನ್ನು ಇಟ್ಟು ನೋಡಿದ್ದರೆ ಸಾಕಾಗುತ್ತಿತ್ತೋ ಏನೋ. ಸುಲ್ತಾನನು ಸೇವಕ ಜೌಹರನಿಗೆ ಸನ್ನೆಮಾಡಿ ಎದ್ದುಹೋದನು. ಗವಾನನು ಮೊಣಕಾಲೂರಿ ಕುಳಿತನು. ಅದು ೧೪೮೧ನೆಯ ಇಸವಿ ಏಪ್ರಿಲ್ ೫. ಅವನ ವಯಸ್ಸು ೭೦ರ ಆಸುಪಾಸು.

ಮರಣದಂಡನೆಯ ತರುವಾಯ ಸುಲ್ತಾನನಿಗೆ ಹಣದ ನೆನಪಾಯಿತು. ಇಷ್ಟು ವರ್ಷ ರಾಜ್ಯವಾಳಿದವನ ಮನೆಯಲ್ಲಿ ರಾಶಿ ರಾಶಿ ಹೊನ್ನು ಇರಬೇಕೆಂದು ಅವನ ಖಜಾಂಚಿಯನ್ನು ಕರೆಸಿದರು. ಖಜಾಂಚಿಯು ಒಡೆಯನಿಗೆ ಎರಡು ಖಜಾನೆಗಳಿದ್ದವೆಂದು ವಿವರಿಸಿದನು: ಒಂದು ಸುಲ್ತಾನನದು, ಸೈನ್ಯದ ಮತ್ತು ಕುದುರೆ ಆನೆಗಳ ಖರ್ಚಿನದು, ಇನ್ನೊಂದು ಬಡವರದು. ಬಡವರದರಲ್ಲಿ ೩೦೦ ಲಾರಿ ನಾಣ್ಯಗಳು ಮಾತ್ರ ಉಳಿದಿದ್ದವಂತೆ. ಇನ್ನೂ ಸಂದೇಹವಿದ್ದವರಿಗೆ ಲೆಕ್ಕದ ಪುಸ್ತಕಗಳಿದ್ದವು. ಅವನ ಕಡೆಯ ಸಾಕ್ಷಿಯೂ ಬರಹವೇ ಆಯಿತು. ಖಜಾಂಚಿಯು ಅಷ್ಟಕ್ಕೇ ಬಿಡದೆ, ಆ ಪತ್ರವನ್ನು ಒಡಿಶಾಕ್ಕೆ ಒಯ್ಯುತ್ತಿದ್ದವನನ್ನು ಮುಂದೆ ತಂದು ನಿಲ್ಲಿಸಬೇಕೆಂದು ಬೇಡಿದನು. ತರುವವರಿಲ್ಲ, ಅಂಥ ಓಲೆಕಾರನೇ ಇರಲಿಲ್ಲ. ಆಗ ಸುಲ್ತಾನನಿಗೆ ಅಮಲು ಇಳಿಯಿತು. ಶವವನ್ನು ಗೌರವದಿಂದ ಬೀದರಿಗೆ ಕಳುಹಿಸಿದನು. ಆದರೆ ದೊಡ್ಡ ಸರದಾರರು ಅವನ ಡೇರೆಯ ಹತ್ತಿರ ತಮ್ಮ ಡೇರೆ ಹಾಕುವುದನ್ನೇ ಬಿಟ್ಟರು. ಮಾರನೆಯ ವರ್ಷ, ೧೪೮೨ರ ಮಾರ್ಚಿಯಲ್ಲಿ, ಇನ್ನೂ ೩೦ ತುಂಬುವ ಮೊದಲೇ ಆ ಸುಲ್ತಾನನು ತೀರಿಕೊಂಡನು. ಕೊನೆಯ ಗಳಿಗೆಯಲ್ಲಿ ಗವಾನನು ತನ್ನನ್ನು ಎಳೆದು ಕೊಲ್ಲುತ್ತಿದ್ದಾನೆಂದು ಚೀರಿದನೆಂಬ ಕಥೆಯಿದೆ. ಕಾಲಕ್ರಮದಲ್ಲಿ ಬಿಜಾಪುರ, ಅಹಮದನಗರ, ಬೆರಾರ, ಗೋಲ್ಕೊಂಡ, ಬೀದರ ಎಂದು ರಾಜ್ಯವು ೫ ತುಂಡಾಯಿತು. ಬಿಜಾಪುರ ಗವಾನನ ಯೂಸುಫನಿಗೆ, ಅಹಮದನಗರ ಹಸನ್ ಬಹರಿಯ ಮಗನಿಗೆ.

ಗವಾನನು ತನ್ನ ಮುದ್ರೆಯನ್ನು ಇನ್ನೊಬ್ಬರ ಕೈಯಲ್ಲಿಟ್ಟದ್ದೇ ತಪ್ಪೆಂದು ತರಗತಿಯಲ್ಲಿ ಒಬ್ಬರು ವಾದಿಸಿದರು. ಇರಬಹುದು. ಆದರೆ ನನಗೆ ಹಾಗೆ ಸುಲಭವಾಗಿ ಹೇಳಲು ಬಾಯಿ ಬರುವುದಿಲ್ಲ. ನಮ್ಮ ಮನೆಯ ಹಿರಿಯರು ಮುದ್ರೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ತಮ್ಮ ಕೈಯಿಂದಲೇ, ತಮ್ಮ ಕಲಮದಾನಿಯ ಲೇಖಣಿಯಿಂದಲೇ, ಎಚ್ಚರವಿದ್ದಾಗಲೇ ಬರೆದರು. ಕೆಲಸ ಹೆಚ್ಚಾದವನು ನಂಬಲೇಬೇಕಾಗುತ್ತದೆ. ನಂಬಿದವನನ್ನು ಮೂರ್ಖನೆನ್ನುವುದಾದರೆ ಮೋಸ ಮಾಡಿದವನನ್ನು ಏನೆನ್ನಬೇಕು?

ಪ್ರವಾಸದ ಕಡೆಯಲ್ಲಿ ಗುರುಗಳು ನಮ್ಮನ್ನು ಬೀದರಿನ ಹೊರಗೆ ಗೋರನಳ್ಳಿಯ ಬಳಿಯಿರುವ ಅವನ ಗೋರಿಗೆ ಕರೆದೊಯ್ದರು. ಅಷ್ಟೂರಿನ ಸುಲ್ತಾನರ ಗುಮ್ಮಟಗಳನ್ನು ಅದೇ ಬೆಳಗ್ಗೆ ನೋಡಿ ಬಂದಿದ್ದ ನಮಗೆ ಅದು ಬಹಳ ಸಾಮಾನ್ಯವಾಗಿ ಕಂಡಿತು. ಗುಮ್ಮಟವಿಲ್ಲ, ಆಡಂಬರವಿಲ್ಲ. ನೆರಳಿನಲ್ಲಿ ಹತ್ತು ನಿಮಿಷ ಕುಳಿತು ಬುತ್ತಿಯ ಜೋಳದ ರೊಟ್ಟಿ ಬಿಚ್ಚಿ ಉಂಡೆವು.

ಪೇಟೆಯ ಬಿದರಿ ಅಂಗಡಿಯಲ್ಲಿ ಕಲಮದಾನಿಯ ಬೆಲೆ ಕೇಳಿದೆನು. ನನ್ನ ಕಿಸೆಗೆ ನಿಲುಕುವಂತಿರಲಿಲ್ಲ. ಬೆಳ್ಳಿಯ ಬಳ್ಳಿಯಿದ್ದ ಚಿಕ್ಕದೊಂದು ಪೆನ್ನಿನ ಡಬ್ಬಿಯನ್ನು ಕೊಂಡೆನು. ಊರಿಗೆ ಬಂದು ಮುತ್ತ್ಯಾನ ಕೈಗಿತ್ತು, ರಾತ್ರಿ ಊಟದ ತರುವಾಯ ಈ ಕಥೆಯನ್ನೆಲ್ಲ ಹೇಳಿದೆನು. ಮುದ್ರೆ ತನ್ನದು, ಪತ್ರ ತನ್ನದಲ್ಲ ಎಂಬಲ್ಲಿಗೆ ಬಂದಾಗ ಅವರು ಕೈಸನ್ನೆಯಿಂದ ನನ್ನನ್ನು ನಿಲ್ಲಿಸಿದರು. ಎದ್ದುಹೋಗಿ ಮಾಡಿನಿಂದ ಮರದ ಕಲಮದಾನಿಯನ್ನು ತಂದು, ಮುಚ್ಚಳ ಸರಿಸಿ, ಲೇಖಣಿಗಳ ಕೆಳಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದವನ್ನು ತೆಗೆದರು. ಅದು ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ಹೊಲದ ಕಾಗದದ ನಕಲು. ಮೋಡಿಯಲ್ಲಿ ಬರೆದದ್ದಾದುದರಿಂದ ಅವರಿಗೂ ಓದಲು ಬಾರದು, ನನಗೂ ಬಾರದು. ಕೆಳಗಿನ ಹೆಸರೊಂದು ಮಾತ್ರ ಕನ್ನಡದಲ್ಲಿತ್ತು. ಅಕ್ಷರಗಳು ದುಂಡಗೆ, ಅವಸರವಿಲ್ಲದೆ ಬರ

ೆದಂತಿದ್ದವು. ಮುತ್ತ್ಯಾ ಅದರ ಮೇಲೆ ಒಮ್ಮೆ ಬೆರಳಾಡಿಸಿ, ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿ, ನಾನು ತಂದ ಡಬ್ಬಿಯೊಳಗೆ ಹಿಡಿಸುವುದೋ ಎಂದು ನೋಡಿದರು. ಹಿಡಿಸಲಿಲ್ಲ. ಕಾಗದವನ್ನು ಮರದ ಪೆಟ್ಟಿಗೆಗೇ ಹಾಕಿ, ಡಬ್ಬಿಯನ್ನು ನನಗೆ ತಿರುಗಿ ಕೊಟ್ಟರು.